ಎಲ್ಲರಿಗೂ ಸ್ವಾಗತ

"ಸಮಸ್ತ ನಾಗರಿಕರ ಗಮನಕ್ಕೆ: ಇವತ್ತಿನ ಕಾಫಿಗೆ ಹಾಲಿಲ್ಲ."

ಅಧ್ಯಕ್ಷೆ ಡೊರೊಥಿಯಾ ಗಂಭೀರವಾಗಿ ಸುತ್ತಿಗೆ ಕುಟ್ಟಿದಳು. ಚರ್ಚಿನ ನೆಲಮಾಳಿಗೆಯಲ್ಲಿ ಮಧ್ಯಾಹ್ನದ ಸಾರ್ವಜನಿಕ ಸಭೆ ಶುರುವಾಯಿತು.

ನಗರ ಯೋಜನಾ ಕಚೇರಿಯ ವೆಂಡೆಲ್ ನಕ್ಷೆ ಬಿಡಿಸಿ ಹೊಸ ನಿಯಮ ವಿವರಿಸಿದ. ಬಸ್ಸೋಡುವ ಹಾರ್ಗ್ರೋವ್ ರಸ್ತೆಯುದ್ದಕ್ಕೂ ಇನ್ನು ನಾಲ್ಕು ಮಹಡಿ ಕಟ್ಟಬಹುದು. ಇವತ್ತು ಪಾಸಾದರೆ ನಾಳೆಯಿಂದಲೇ ಆ ರಸ್ತೆಯ ಯಾವ ಮಾಲೀಕನೂ ಬಡವರ ಬಾಡಿಗೆಗೆಂದು ಸರ್ಕಾರ ಕೊಡುವ ವೋಚರ್ ನೋಡಿ ಮನೆ ಇಲ್ಲ ಅನ್ನುವಂತಿಲ್ಲ. ಮೂರು ವರ್ಷದ ದುಡಿಮೆ. ಹೆಮ್ಮೆ ಆಗಬೇಕಿತ್ತು. ಕಾದ. ಆಗಲಿಲ್ಲ.

ವೃದ್ಧಾಶ್ರಮದ ಆಯಾ ಅರ್ನೆಟಾ ಮೈಕಿನ ಮುಂದೆ ಬಂದಳು. ಮಾತಾಡಲು ತಲೆಗೆ ಎರಡೇ ನಿಮಿಷ.

"ನನ್ನ ವೋಚರ್ ಇನ್ನು ಹನ್ನೆರಡು ದಿನಕ್ಕೆ ರದ್ದಾಗುತ್ತೆ. ಮೂವತ್ತೊಂದು ಮನೆ ಕೇಳ್ದೆ. ವೋಚರ್ ಅಂದ ತಕ್ಷಣ ಎಲ್ಲರ ಮನೇಲೂ ಪೈಪು ಒಡೆಯುತ್ತೆ!"

ಎಲ್ಲರೂ ನಕ್ಕರು. ವೆಂಡೆಲ್ ನಗಲಿಲ್ಲ. ಹೋದ ಮಂಗಳವಾರ ಅವಳು ಮನೆ ಕೇಳಿದಾಗ ಫೋನಿನಲ್ಲಿ, ತನ್ನ ಖಾಲಿ ಮಹಡಿಯ ಪೈಪು ಒಡೆಸಿದ್ದವನು ಅವನೇ.

"ನಿಮ್ಮ ದನಿ ಎಲ್ಲೋ ಕೇಳಿದ ಹಾಗಿದೆ ಸರ್," ಅಂದಳು ಅರ್ನೆಟಾ ಅವನ ಕಡೆ ತಿರುಗಿ.

"ರೇಡಿಯೋದಲ್ಲಿರಬೇಕು."

ನಿವೃತ್ತ ವಕೀಲ ಗಾರ್ಲಂಡ್ ಎದ್ದ. "ಬಡವರ ಬಗ್ಗೆ ನಮ್ಮ ತಕರಾರಿಲ್ಲ, ಬೋರ್ಡಿನ ಬಗ್ಗೆ ಅಷ್ಟೆ." ಫೋಟೋ ತೋರಿಸಿದ. ಸಭೆಯ ನೋಟಿಸು ಹದಿನೈದು ದಿನ ರಸ್ತೆಗೆ ಕಾಣಬೇಕೆಂದು ಕಾನೂನು. ಫೋಟೋದಲ್ಲಿ ಕಂಡದ್ದು ಅದನ್ನು ಮರೆಮಾಡಿ ಮುಂದೆ ನೆಟ್ಟ ಇನ್ನೊಂದು ಬೋರ್ಡು: 'ಎಲ್ಲರಿಗೂ ಸ್ವಾಗತ'.

"ಯಾವ ಪುಣ್ಯಾತ್ಮಂದ್ರೀ ಇದು?" ಅಂದಳು ಡೊರೊಥಿಯಾ.

"ನಂದೇ," ಅಂದ ವೆಂಡೆಲ್. ನೋಟಿಸು ನೆಟ್ಟಿದ್ದೂ ಅವನೇ, ಅದೇ ರಸ್ತೆಯಲ್ಲಿರುವ ತನ್ನ ಅಂಗಳದ ಅಂಚಿಗೆ.

"ಹಾಗಾದ್ರೆ ಈ ಸಭೆ ನಡೆದೇ ಇಲ್ಲ. ಮತ್ತೆ ನೆಡಿ. ಹದಿನೈದು ದಿನ." ಡೊರೊಥಿಯಾ ಸುತ್ತಿಗೆ ಕುಟ್ಟಿದಳು.

"ನಂಗಿರೋದು ಹನ್ನೆರಡು," ಅಂದಳು ಅರ್ನೆಟಾ.

"ನಿಮ್ಮ ಎರಡು ನಿಮಿಷ ಮುಗೀತು ಕಣಮ್ಮ."

ವೆಂಡೆಲ್ ನಾಚಿಕೆಗೆ ಕಾದ. ಬಂದದ್ದು ನಿರಾಳ.

ಬಾಗಿಲಲ್ಲಿ ಅರ್ನೆಟಾ ಅವನನ್ನು ತಡೆದಳು. "ಯಾರದಾದ್ರೂ ಖಾಲಿ ಇದ್ರೆ ಹೇಳಿ ಸರ್."

"ಹೇಳ್ತೀನಿ."

ಮನೆ ಮುಂದೆ ಸ್ವಾಗತದ ಬೋರ್ಡನ್ನು ಕಿತ್ತ. ಎಲ್ಲಿಡುವುದೋ ತಿಳಿಯದೆ ಎದೆಗೆ ಹಿಡಿದು ನಿಂತ. ಹತ್ತಲು ಕಾಯುತ್ತಿದ್ದಾನೆಂದುಕೊಂಡು ಬಸ್ಸು ನಿಂತಿತು. ಕಿಟಕಿಯಲ್ಲಿ ಅರ್ನೆಟಾ. ಬೋರ್ಡು ಓದಿದಳು, ಆಮೇಲೆ ಕತ್ತೆತ್ತಿ, ಕಿಟಕಿಗೆ ಪರದೆಯೂ ಇಲ್ಲದ ಅವನ ಖಾಲಿ ಮಹಡಿಯನ್ನು ನೋಡಿದಳು.

"ಹತ್ತುತ್ತೀರೇನ್ರೀ?" ಡ್ರೈವರ್ ಕೂಗಿದ.

ವೆಂಡೆಲ್ ಇಲ್ಲವೆಂದು ತಲೆಯಾಡಿಸಿದ. ಬಸ್ಸು ಹೋಯಿತು. ಬೋರ್ಡು ಇನ್ನೂ ಬೀದಿಗೇ ಮುಖ ಮಾಡಿತ್ತು. ಅವನ ಕಡೆಗಿದ್ದ ಬದಿಯಲ್ಲಿ ಏನೂ ಬರೆದಿರಲಿಲ್ಲ.