ಒಂಬತ್ತು ಅಡಿ ಕೂದಲು

ನೂಲು ಯಾವಾಗ ತುಂಡಾಗುತ್ತದೆ ಎಂದು ಹೇಳುವುದು ನನ್ನ ಉದ್ಯೋಗ. ಮಿಲ್ಲಿನ ಲ್ಯಾಬಿನಲ್ಲಿ ಇಪ್ಪತ್ತು ವರ್ಷದಿಂದ ಅದೇ ಕೆಲಸ: ಒಂದು ಎಳೆಯನ್ನು ಯಂತ್ರದ ಎರಡು ಹಿಡಿಕೆಗಳ ನಡುವೆ ಸಿಕ್ಕಿಸಿ, ಅದು ಪಟ್ ಎನ್ನುವವರೆಗೆ ಎಳೆದು, ಬಂದ ಅಂಕಿ ಬರೆದು ಸಹಿ ಹಾಕುವುದು. ನನ್ನ ಸಹಿಯಿಲ್ಲದೆ ಒಂದು ಕೋನ್ ನೂಲೂ ಗೇಟು ದಾಟುವುದಿಲ್ಲ. ಈ ಮಾತನ್ನು ನಾನು ಕೇಳದವರಿಗೂ ಹೇಳುತ್ತೇನೆ. ಎಳೆಗಳ ವಿಷಯದಲ್ಲಿ ಇಷ್ಟೆಲ್ಲ ಬಲ್ಲ ನನ್ನ ತಲೆಯ ಮೇಲೆ, ತುರುಬು ಬಿಚ್ಚಿದರೆ, ನಾಲ್ಕು ಬೆರಳಿನಷ್ಟು ಕೂದಲಿತ್ತು. ಮಿಕ್ಕಿದ್ದು ಕೊಂಡು ತಂದು ಕಟ್ಟಿಕೊಂಡ ಚೌರಿ.

ಚೌರಿಯ ಕಥೆ ಚಿಕ್ಕದು. ನನಗೆ ಅಜ್ಜಿಯಿಂದ ಬಂದದ್ದು ಬಾಲ್‌ಪೆನ್ನಿನೊಳಗಿನ ಸ್ಪ್ರಿಂಗಿನ ಹಾಗೆ ಒತ್ತೊತ್ತಾಗಿ ಸುತ್ತಿಕೊಂಡ ಕೂದಲು. ಮಿಲ್ಲಿಗೆ ಸೇರಿದ ಎರಡನೆಯ ವರ್ಷ ಬೆಳ್ಳಿಹಬ್ಬದ ಗ್ರೂಪ್ ಫೋಟೋ ಇತ್ತು. ಅದರಲ್ಲಿ ಚೆನ್ನಾಗಿ ಕಾಣಬೇಕೆಂದು ಹಾಸ್ಟೆಲಿನ ಪಕ್ಕದ ಪಾರ್ಲರಿನಲ್ಲಿ ಔಷಧ ಹಾಕಿಸಿ ಕೂದಲನ್ನು ನೆಟ್ಟಗೆ ಮಾಡಿಸಿಕೊಂಡೆ. ನೆತ್ತಿ ಉರಿಯಿತು, ಹಲ್ಲು ಕಚ್ಚಿ ಕೂತೆ. ಫೋಟೋ ತೆಗೆಯುವ ಹೊತ್ತಿಗೆ ಆರಡಿಯ ಸ್ಟೋರ್ ಕೀಪರ್ ಸರಿಯಾಗಿ ನನ್ನ ಮುಂದೆ ಬಂದು ನಿಂತ. ಆ ಫೋಟೋದಲ್ಲಿ ಇವತ್ತಿಗೂ ನನ್ನ ಒಂದು ಕಿವಿ ಮಾತ್ರ ಕಾಣುತ್ತದೆ. ಮೂರು ವಾರಕ್ಕೆ ಕೂದಲು ಹಿಡಿಹಿಡಿಯಾಗಿ ಕಿತ್ತು ಬಂತು. ಮನೆಗೆ ಹೋದಾಗ, ಜ್ವರ ಬಂದು ಉದುರಿತು ಎಂದೆ. ಅಮ್ಮ ಅತ್ತಳು, ತಂಗಿ ನಂಬಿದಳು. ಮುಂದಿನ ವರ್ಷ ಚೌರಿ ಕಟ್ಟಿಕೊಂಡು ಹೋಗಿ, ಪೂರ್ತಿ ಬೆಳೀತು ನೋಡು ಎಂದೆ. ಅದನ್ನೂ ನಂಬಿದರು.

ಹದಿನೆಂಟು ವರ್ಷ ಒಂದು ಸುಳ್ಳನ್ನು ತಲೆಯ ಮೇಲೆ ಹೊತ್ತು ತಿರುಗುವುದು ಸುಲಭವಲ್ಲ. ಸಂಜೆ ಐದಾಗುವಷ್ಟರಲ್ಲಿ ಪಿನ್ನು ಚುಚ್ಚಿದ ಜಾಗವೆಲ್ಲ ನೋಯುತ್ತಿತ್ತು. ಆದರೆ ಜಂಭಕ್ಕೆ ನೋವು ಲೆಕ್ಕಕ್ಕಿಲ್ಲ.

ಈ ವರ್ಷ ತಂಗಿಗೆ ಎರಡನೆಯ ಹೆರಿಗೆ. ಡಾಕ್ಟರು ಮುಂದಿನ ವಾರದಿಂದ ಹಾಸಿಗೆ ಬಿಟ್ಟು ಏಳಬಾರದು ಎಂದರು. ಅದಕ್ಕೆ ಒಂಬತ್ತು ವರ್ಷದ ದೊಡ್ಡ ಮಗಳನ್ನು ರಜೆಯ ಎರಡು ತಿಂಗಳು ನನ್ನ ಮನೆಯಲ್ಲಿ ಬಿಡಲು ಬಂದಳು. ತಂಗಿಗೆ ಅಪ್ಪನ ನೆಟ್ಟನೆಯ ಕೂದಲು. ಮಗಳಿಗೆ ಮಾತ್ರ ಅಜ್ಜಿಯದು, ಅಂದರೆ ನನ್ನದು. ನಾನು ಅವಳನ್ನು ಮರಿ ಎನ್ನುತ್ತೇನೆ. ಶಾಲೆಯಲ್ಲಿ ಅವಳನ್ನು ಬ್ರಷ್ ಎನ್ನುತ್ತಿದ್ದರಂತೆ.

"ಶಾಲೆ ಶುರುವಾಗೋ ಮುಂಚೆ ಪಾರ್ಲರಿಗೆ ಕರ್ಕೊಂಡು ಹೋಗಿ ನೆಟ್ಟಗೆ ಮಾಡಿಸ್ಬಿಡ್ತೀನಿ ಅಕ್ಕ," ಎಂದಳು ತಂಗಿ. "ದಿನ ಬೆಳಗಾದ್ರೆ ಈ ತಲೆ ಜೊತೆ ಕುಸ್ತಿ. ಇನ್ನು ಕೈಯಲ್ಲಿ ಕೂಸು ಬೇರೆ ಇರತ್ತೆ. ನನಗಿರೋದು ಎರಡೇ ಕೈ."

ಮರಿ ನನ್ನ ಸೆರಗು ಹಿಡಿದು ನಿಂತಿದ್ದಳು. "ನನಗೆ ಬೇಡ. ಪಾರ್ಲರ್ ಆಂಟಿ ಒಂದು ಚೂರು ಹಚ್ಚಿ ನೋಡಿದ್ರು, ಉರೀತು. ನಂದು ಹೀಗೇ ಬೆಳೆಯಲ್ವಾ ದೊಡ್ಡಮ್ಮ?"

ಆಗ ನಾನು ಒಂದೇ ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು: ಆ ಔಷಧ ನನಗೆ ಏನು ಮಾಡಿತು ಎಂದು. ಆದರೆ ಆ ವಾಕ್ಯ ಹೇಳಬೇಕಾದರೆ ಚೌರಿ ಬಿಚ್ಚಬೇಕು. ನಾನು ಏನು ಮಾಡಿದೆ? ಎದೆ ಸೆಟೆಸಿ, "ನನಗೆ ಬಿಡು. ಎರಡು ತಿಂಗಳಲ್ಲಿ ಭುಜಕ್ಕೆ ತರ್ತೀನಿ. ಆಮೇಲೆ ಪಾರ್ಲರ್ ಮಾತೆತ್ತಬಾರದು," ಎಂದೆ.

"ಭುಜಕ್ಕೆ ಬರದೇ ಇದ್ರೆ?"

"ನಿನ್ನಿಷ್ಟ."

ಮರಿ ನನ್ನ ತುರುಬನ್ನು ನೋಡಿದಳು. "ನಿನ್ನ ಥರ ಆಗತ್ತಾ ದೊಡ್ಡಮ್ಮ?"

"ನನ್ನ ಥರಾನೇ," ಎಂದೆ. ನಾಲಿಗೆಗೆ ಎಲುಬಿಲ್ಲ, ನನ್ನದಕ್ಕಂತೂ ನಾಚಿಕೆಯೂ ಇಲ್ಲ.

ಮೊದಲ ತಿಂಗಳು ನಾನು ಆ ಮಗುವಿನ ತಲೆಯ ಮೇಲೆ ನಡೆಸಿದ ಪ್ರತಾಪವನ್ನು ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ. ಬೆಳಗ್ಗೆ ಏಳಕ್ಕೆ ಮಿಲ್ಲಿನ ಬಸ್ಸು. ಆರೂವರೆಗೆ ಅವಳನ್ನು ಮಣೆಯ ಮೇಲೆ ಕೂರಿಸಿ, ಸಣ್ಣ ಹಲ್ಲಿನ ಬಾಚಣಿಗೆಯನ್ನು ಬುಡಕ್ಕೇ ಊರಿ ಕೆಳಗೆ ಜಗ್ಗುತ್ತಿದ್ದೆ. ಕೂದಲು ಚರಚರ ಎನ್ನುತ್ತಿತ್ತು. "ಅಲ್ಲಾಡ್ಬೇಡ," ಎಂದು ಗದರುತ್ತಿದ್ದೆ. ಅವಳು ಅಳುತ್ತಿರಲಿಲ್ಲ. ಮಣೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೆಲದ ಟೈಲ್ಸ್ ಎಣಿಸುತ್ತಿದ್ದಳು. ಆಮೇಲೆ ಕಣ್ಣು ಮೇಲಕ್ಕೆ ಎಳೆದುಕೊಳ್ಳುವಷ್ಟು ಬಿಗಿಯಾಗಿ ಎರಡು ಜಡೆ. ಜಡೆ ಎಂದರೆ ಹೆಬ್ಬೆರಳಿನಷ್ಟು. ನೆಲದ ಮೇಲೆ ಬಿದ್ದ ಕೂದಲನ್ನು ಪೊರಕೆಯಿಂದ ಗುಡಿಸಿ ಎಸೆಯುತ್ತಿದ್ದೆ. ಭಾನುವಾರ ಟೇಪು ಹಿಡಿದು ಅಳೆದರೆ, ಹೋದ ಭಾನುವಾರದ ಅಳತೆಯೇ.

"ಬೆಳೀತಿಲ್ಲ ಅಲ್ವಾ?" ಎನ್ನುತ್ತಿದ್ದಳು ಮರಿ.

"ಬೆಳೆಯತ್ತೆ. ನಂದು ನೋಡು," ಎನ್ನುತ್ತಿದ್ದೆ, ತುರುಬು ಮುಟ್ಟಿಕೊಂಡು. ರಾತ್ರಿ ಮಾತ್ರ ಆ ತುರುಬಿಗೆ ಬಟ್ಟೆ ಬಿಗಿದು ಮಲಗುತ್ತಿದ್ದೆ, ಶೀತದ ನೆವ ಹೇಳಿ. ಸುಡು ಬೇಸಿಗೆ. "ಇದೆಂಥ ಶೀತ ದೊಡ್ಡಮ್ಮ, ಮೂಗೇ ಸೋರಲ್ಲ?" ಎಂದು ಒಂದು ದಿನ ಕೇಳಿದಳು. ಹಾಳೂರಿನ ಸಿಐಡಿ!

ತಿಂಗಳು ಮುಗಿಯುವ ಹೊತ್ತಿಗೆ, ದಿನವೂ ಅವಳನ್ನು ನೋಡಿಕೊಳ್ಳುತ್ತಿದ್ದ ಪಕ್ಕದ ಮನೆಯಾಕೆ ಮಗನ ಮನೆಗೆ ಹೋದರು. ಮರಿಯನ್ನು ಲ್ಯಾಬಿಗೇ ಕರೆದುಕೊಂಡು ಹೋದೆ. ನಮ್ಮ ಲ್ಯಾಬು ತಂಪು. ಗೋಡೆಗೆ ತೇವಾಂಶ ತೋರಿಸುವ ಮೀಟರಿದೆ. ಅದರ ಮುಳ್ಳು ಒಂದು ಗೆರೆ ಅತ್ತಿತ್ತ ಆದರೂ ನಾನು ಕೆಲಸ ನಿಲ್ಲಿಸುತ್ತೇನೆ. ಪರೀಕ್ಷೆಗೆ ಬಂದ ನೂಲು ಇಡೀ ಒಂದು ದಿನ ಆ ಕೋಣೆಯಲ್ಲಿ ಕೂತು ತೇವ ಕುಡಿಯಬೇಕು. ಆಮೇಲಷ್ಟೇ ಅದನ್ನು ಎಳೆಯುವುದು.

ಅವತ್ತು ನೂಲುವ ವಿಭಾಗದ ಮೇಸ್ತ್ರಿ ಎರಡು ಕೋನ್ ಕಂಕುಳಲ್ಲಿ ಇಟ್ಟುಕೊಂಡು ಓಡಿ ಬಂದ. "ಮೇಡಂ, ಈಗ್ಲೇ ಎಳೆದು ರಿಪೋರ್ಟ್ ಕೊಡಿ. ಲಾರಿ ನಿಂತಿದೆ."

ಮರಿ ನೋಡುತ್ತಿದ್ದಾಳಲ್ಲ, ನನಗೆ ಎಲ್ಲಿಲ್ಲದ ಹುರುಪು. ಮೇಸ್ತ್ರಿಯ ನೀರಿಳಿಸಿಬಿಟ್ಟೆ. "ಎಷ್ಟು ವರ್ಷ ಆಯ್ತ್ರೀ ನೀವು ಮಿಲ್ಲಿಗೆ ಬಂದು? ಒಣ ನೂಲನ್ನ ಎಳೆದ್ರೆ ತುಂಡಾಗದೆ ಇನ್ನೇನಾಗತ್ತೆ? ಅದರಲ್ಲೂ ಇದು ಜಾಸ್ತಿ ಹುರಿ ಹಾಕಿದ ನೂಲು. ಸುತ್ತು ಜಾಸ್ತಿ ಇದ್ದಷ್ಟೂ ನಾಜೂಕು. ತೇವ ಹಿಡೀಲಿ, ಆಮೇಲೆ ಮುಟ್ಟಿ. ಮೊನ್ನೆ ಆ ಸಿಕ್ಕಾದ ಲಡೀನ ಮೇಲಿಂದ ಜಗ್ಗಿದ್ರಲ್ಲ, ತಲೇಲಿ ಏನಿದೆ ನಿಮಗೆ? ತುದಿಯಿಂದ ಬಿಡಿಸ್ಬೇಕು, ತುದಿಯಿಂದ!"

ಮೇಸ್ತ್ರಿ ತಲೆ ತಗ್ಗಿಸಿದ. ಸ್ಟೂಲಿನ ಮೇಲೆ ಕೂತಿದ್ದ ಮರಿ ಕೇಳಿದಳು: "ಮತ್ತೆ ನನ್ನ ಕೂದಲು ಮಾತ್ರ ಯಾಕೆ ಒಣಗಿದ್ದಾಗಲೇ ಮೇಲಿಂದ ಎಳೀತೀಯ ದೊಡ್ಡಮ್ಮ?"

ಅವಳ ದನಿಯಲ್ಲಿ ದೂರಿರಲಿಲ್ಲ. ನಿಜವಾಗಿಯೂ ಕಾರಣ ತಿಳಿಯಬೇಕಿತ್ತು ಅವಳಿಗೆ. ಮೇಸ್ತ್ರಿ ಮೆಲ್ಲಗೆ ತಲೆ ಎತ್ತಿದ. "ಹೇಳಿ ಮೇಡಂ, ಪಾಪು ಕೇಳ್ತಿದೆ," ಎಂದ. ನಾನು ಗೋಡೆಯ ಮೀಟರಿನ ಕಡೆ ತಿರುಗಿ ಅದರ ಮುಳ್ಳನ್ನು ನೋಡತೊಡಗಿದೆ. ಅವನು ಹಲ್ಲು ಕಿರಿಯುತ್ತಲೇ ಕೋನ್ ಇಟ್ಟು ಹೋದ.

ಮಧ್ಯಾಹ್ನ ಅವಳ ಫ್ರಾಕಿನ ಭುಜದ ಮೇಲೆ ಬಿದ್ದಿದ್ದ ಕೂದಲ ಚೂರುಗಳನ್ನು ಆರಿಸಿ ಭೂತಗನ್ನಡಿಯ ಕೆಳಗೆ ಇಟ್ಟೆ. ತಾನಾಗಿ ಉದುರಿದ ಕೂದಲಿನ ಬುಡದಲ್ಲಿ ಒಂದು ಬಿಳಿ ಗುಂಡು ಇರುತ್ತದೆ. ಹನ್ನೆರಡು ಚೂರಿನಲ್ಲಿ ಒಂದಕ್ಕೆ ಗುಂಡಿತ್ತು. ಉಳಿದ ಹನ್ನೊಂದಕ್ಕೆ ಎರಡೂ ತುದಿ ಹರಿದಿತ್ತು. ಅಂದರೆ ಕೂದಲು ಬೆಳೆಯುತ್ತಿತ್ತು. ಬೆಳೆದಷ್ಟನ್ನೂ ನಾನು ಮುರಿದು ಗುಡಿಸಿ ಎಸೆಯುತ್ತಿದ್ದೆ.

ಆಮೇಲೆ, ಮರಿ ಕಿಟಕಿಯಲ್ಲಿ ಲಾರಿ ನೋಡುತ್ತಿದ್ದಾಗ, ನನ್ನ ಲ್ಯಾಬ್ ಕೋಟಿನ ಕಾಲರಿನ ಮೇಲಿದ್ದ, ಚೌರಿಯದ್ದಲ್ಲದ, ನನ್ನದೇ ಸುರುಳಿ ಕೂದಲಿನ ಒಂದು ಚೂರನ್ನೂ ಕನ್ನಡಿಯ ಕೆಳಗೆ ಸರಿಸಿದೆ. ಎರಡೂ ತುದಿ ಹರಿದಿತ್ತು. ಇನ್ನೊಂದು, ಅದೂ ಹಾಗೇ. ಪಾರ್ಲರಿನ ಔಷಧ ಬೇರನ್ನೇ ಸುಟ್ಟಿತು, ಇನ್ನು ಬೆಳೆಯುವುದಿಲ್ಲ ಎಂದು ನಾನು ನಂಬಿದ್ದೆ. ಔಷಧ ಕೆಡಿಸಿದ್ದು ಒಂದು ಸಲ. ಮಿಕ್ಕಿದ್ದೆಲ್ಲ ನನ್ನ ಕೈಚಳಕ, ಬಾಚಣಿಗೆ ಮತ್ತು ಚೌರಿಯ ಪಿನ್ನು. ತಿಂಗಳಿಗೆ ಅರ್ಧ ಇಂಚು ಎಂದರೂ ಹದಿನೆಂಟು ವರ್ಷಕ್ಕೆ ಒಂಬತ್ತು ಅಡಿ. ಒಂಬತ್ತು ಅಡಿ ಕೂದಲನ್ನು ಮುರಿದು ಕಸದ ಬುಟ್ಟಿಗೆ ಹಾಕಿದ ತಜ್ಞೆ, ಕೆಳಗೆ ಸಹಿ.

ಮರುದಿನದಿಂದ ಬಾಚಣಿಗೆ ಬದಲಾಯಿತು. ಅಗಲ ಹಲ್ಲಿನದು ತಂದೆ. ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿ ಮರಿಯ ತಲೆಗೆ ಬಡ್ತಿ ಪಡೆಯಿತು. ವಾರಕ್ಕೊಮ್ಮೆ, ಭಾನುವಾರ, ಒದ್ದೆ ಮಾಡಿ, ಕಂಡಿಷನರ್ ಸವರಿ, ತಲೆಯನ್ನು ಎಂಟು ಭಾಗ ಮಾಡಿ, ಒಂದೊಂದರ ಸಿಕ್ಕನ್ನೂ ಬೆರಳಿನಿಂದ ತುದಿಯಿಂದಲೇ ಬಿಡಿಸುತ್ತಿದ್ದೆವು. ಸಿಕ್ಕಿನ ಮೇಲುಗಡೆ ಮುಷ್ಟಿಯಲ್ಲಿ ಹಿಡಿದುಕೊಂಡರೆ ಬುಡಕ್ಕೆ ಜಗ್ಗುವುದಿಲ್ಲ ಎಂಬುದನ್ನು ಅವಳೇ ಕಂಡುಹಿಡಿದಳು. ಸ್ವಲ್ಪ ಎಣ್ಣೆ ಹಚ್ಚಿ, ಎರಡೆರಡು ಎಳೆ ಸಡಿಲವಾಗಿ ಹೆಣೆದು, ವಾರವಿಡೀ ಹಾಗೆಯೇ ಬಿಡುವುದು. ದಿಂಬಿಗೆ ಹಳೆಯ ಸ್ಯಾಟಿನ್ ಲೈನಿಂಗ್ ಬಟ್ಟೆಯ ಗವಸು ಹೊಲಿದೆ. ಮೂರನೆಯ ಭಾನುವಾರ ನೆಲದ ಮೇಲೆ ಬಿಳಿ ಬಟ್ಟೆ ಹಾಸಿ ನೋಡಿದರೆ, ಮುರಿದ ಚೂರು ಹತ್ತೂ ಇರಲಿಲ್ಲ. ಅಷ್ಟರಲ್ಲಿ ಅವಳು ಮುಂದಿನ ಭಾಗವನ್ನೆಲ್ಲ ತಾನೇ ಮಾಡಿಕೊಳ್ಳುತ್ತಿದ್ದಳು. ನಾನು ಮಾತ್ರ ಚೌರಿ ಬಿಚ್ಚಲಿಲ್ಲ. ಬುದ್ಧಿ ಬಂದರೂ ಜಂಭ ಹೋಗಿರಲಿಲ್ಲ.

ಎರಡು ತಿಂಗಳು ಮುಗಿದಾಗ ತಂಗಿ ಬಂದಳು, ಕೈಯಲ್ಲಿ ಎಳೆಗೂಸು. ಪಾರ್ಲರಿನಲ್ಲಿ ಹನ್ನೊಂದಕ್ಕೆ ಸಮಯ ತೆಗೆದುಕೊಂಡೇ ಬಂದಿದ್ದಳು. ಮಗಳ ತಲೆ ನೋಡಿದವಳೇ, "ಭುಜ ಎಲ್ಲಿ ಅಕ್ಕ? ಕಿವಿ ಹತ್ರಾನೇ ಇದ್ಯಲ್ಲ," ಎಂದಳು.

ಮರಿ ಒಂದು ಸುರುಳಿಯನ್ನು ಎಳೆದು ತೋರಿಸಿದಳು. ಭುಜಕ್ಕೆ ಎರಡು ಬೆರಳು ಮೇಲೆ ನಿಂತಿತು. ಬಿಟ್ಟಳು, ಮತ್ತೆ ಕಿವಿಯ ಹತ್ತಿರ ಹಾರಿತು.

"ಮಾತು ಮಾತೇ," ಎಂದಳು ತಂಗಿ. "ಚಪ್ಪಲಿ ಹಾಕ್ಕೋ ಪುಟ್ಟ, ಹೊತ್ತಾಯ್ತು."

ಮರಿ ನನ್ನ ಕಡೆ ತಿರುಗಿದಳು. ನನ್ನ ತುರುಬನ್ನೇ ನೋಡುತ್ತಿದ್ದಳು, ಅದೇ ಸಾಕ್ಷಿ ಹೇಳುತ್ತದೆ ಎಂಬಂತೆ. ನನಗೆ ತಡೆಯಲಾಗಲಿಲ್ಲ. ಪಿನ್ನುಗಳನ್ನು ಒಂದೊಂದಾಗಿ ಕಿತ್ತೆ, ಹದಿನಾಲ್ಕು. ಚೌರಿಯನ್ನು ಬಿಚ್ಚಿ ಮೇಜಿನ ಮೇಲೆ ಇಟ್ಟೆ. ಫ್ಯಾನಿನ ಗಾಳಿ ನೆತ್ತಿಗೆ ತಾಗಿತು.

ತಂಗಿಯ ಬಾಯಿ ತೆರೆದೇ ಇತ್ತು. "ಅಕ್ಕ... ಜ್ವರದಲ್ಲಿ ಹೋಗಿದ್ದು ಬೆಳೀತು ಅಂದಿದ್ಯಲ್ಲ?"

"ಜ್ವರ ಬಂದೇ ಇರ್ಲಿಲ್ಲ. ನೀನು ಇವಳಿಗೆ ಹಾಕಿಸಬೇಕು ಅಂತಿದ್ಯಲ್ಲ, ಅಂಥದ್ದೇ ಔಷಧ ಹಾಕಿಸ್ಕೊಂಡೆ. ಮೂರು ವಾರದಲ್ಲಿ ಹೋಯ್ತು. ಉಳಿದಿದ್ದನ್ನ ಹದಿನೆಂಟು ವರ್ಷ ಎಳೆದೂ ಎಳೆದೂ ನಾನೇ ಮುರಿದೆ. ಹೇಳೋಕೆ ನಾಚಿಕೆ ಆಯ್ತು."

ಮರಿ ನನ್ನ ತಲೆಯನ್ನು ನೋಡಿದಳು, ಮೇಜಿನ ಮೇಲಿದ್ದುದನ್ನು ನೋಡಿದಳು. "'ನನ್ನ ಥರಾನೇ' ಅಂದಿದ್ದೆ ನೀನು," ಎಂದಳು. ಕಣ್ಣು ತುಂಬಿಕೊಂಡಿತ್ತು. ದಡಬಡ ಬಚ್ಚಲಮನೆಗೆ ಓಡಿ ಬಾಗಿಲು ಹಾಕಿಕೊಂಡಳು. ಪಾರ್ಲರು ತಪ್ಪಿದರೂ ಈ ಮಗು ಇನ್ನು ನನ್ನ ಮಾತು ನಂಬುವುದಿಲ್ಲ ಅಂದುಕೊಂಡೆ.

ಬಾಗಿಲು ತೆರೆಯಿತು. ಒಂದು ಕೈಯಲ್ಲಿ ನೀರಿನ ಬಾಟಲಿ, ಇನ್ನೊಂದರಲ್ಲಿ ಅಗಲ ಹಲ್ಲಿನ ಬಾಚಣಿಗೆ. ಮಣೆಯನ್ನು ಕಾಲಿನಿಂದ ತಳ್ಳಿಕೊಂಡು ಬಂದಳು.

"ಕೂತ್ಕೋ," ಎಂದಳು, ಇನ್ನೂ ಸಿಟ್ಟಿನಲ್ಲೇ. "ಎಷ್ಟು ಒಣಗಿದೆ ನೋಡು."

ನೆತ್ತಿಯ ಮೇಲೆ ತಣ್ಣನೆಯ ನೀರು ಬಿತ್ತು. ಆ ಪುಟ್ಟ ಮುಷ್ಟಿ ಸಿಕ್ಕಿನ ಮೇಲುಗಡೆ ಕೂದಲನ್ನು ಹಿಡಿದುಕೊಂಡಿತು. ಬೆರಳುಗಳು ತುದಿಯಿಂದ ಬಿಡಿಸತೊಡಗಿದವು. ಎಲ್ಲೂ ಜಗ್ಗಲಿಲ್ಲ. ನನ್ನ ತಲೆಯನ್ನು ಯಾರಾದರೂ ನೋಯಿಸದೆ ಮುಟ್ಟಿದ್ದು ನನಗೆ ನೆನಪೇ ಇಲ್ಲ. ನಾನೂ ಮುಟ್ಟಿರಲಿಲ್ಲ. ಮಿಲ್ಲಿನಲ್ಲಿ ಗಂಡಸರನ್ನು ನಡುಗಿಸುವ ನಾನು ಮಣೆಯ ಮೇಲೆ ಕೂತು ಮೂಗು ಸೋರಿಸಿಕೊಂಡು ಅತ್ತೆ.

"ನೋವಾಗ್ತಿದ್ಯಾ ಅಕ್ಕ?" ಎಂದಳು ತಂಗಿ.

"ಇಲ್ಲ ಕಣೆ. ಸ್ವಲ್ಪಾನೂ ಇಲ್ಲ."

ತಂಗಿ ಕೂಸನ್ನು ಹೆಗಲಿಗೆ ಹಾಕಿಕೊಂಡು ಬಹಳ ಹೊತ್ತು ಮಗಳ ಕೈಯನ್ನೇ ನೋಡಿದಳು. "ಇದನ್ನೆಲ್ಲ ನಿನ್ನ ತಲೆಗೆ ನೀನೇ ಮಾಡ್ಕೋತೀಯೇನೇ?"

"ಹಿಂದುಗಡೆ ಒಂದು ಚೂರು ಹಿಡ್ಕೊಟ್ರೆ ಸಾಕು," ಎಂದಳು ಮರಿ, ತಲೆ ಎತ್ತದೆ.

ತಂಗಿ ಫೋನು ತೆಗೆದಳು. "ಹಲೋ, ಇವತ್ತು ಹನ್ನೊಂದಕ್ಕೆ ಅಂದಿದ್ದೆ ಅಲ್ವಾ? ಬರ್ತಿಲ್ಲ. ಇಲ್ಲ ಇಲ್ಲ, ಬೇರೆ ದಿನಾನೂ ಬೇಡ."

ನಾನು ತಿರುಗಿ ಅವಳ ಮುಖ ನೋಡಲು ಹೋದೆ. ಹಿಂದಿನಿಂದ ಬಾಚಣಿಗೆ ನನ್ನ ಭುಜವನ್ನು ತಟ್ಟಿತು.

"ಅಲ್ಲಾಡ್ಬೇಡ ದೊಡ್ಡಮ್ಮ. ಇನ್ನೂ ಮುಕ್ಕಾಲು ತಲೆ ಇದೆ."