ಕಣದಂಚಿನ ಹೆಜ್ಜೆ

ಮಾಗಿಯ ಚಳಿ ಇನ್ನೂ ಬಿಟ್ಟಿರಲಿಲ್ಲ. ಕಣದಲ್ಲಿ ಹರಡಿದ ರಾಗಿ ತೆನೆಯ ಮೇಲೆ ಎತ್ತುಗಳು ರೋಣುಗಲ್ಲನ್ನು ಎಳೆಯುತ್ತಿದ್ದವು. ಕಲ್ಲು ಒಂದೊಂದು ಸುತ್ತು ಬಂದಾಗಲೂ ಅದರ ನರಳುವ ಸದ್ದು ನಮ್ಮ ಜಗಲಿಯವರೆಗೆ ಕೇಳುತ್ತಿತ್ತು. ಜಗಲಿಯ ಮೇಲೆ ಕೂತು ನಾನು ನಮ್ಮ ಯಜಮಾನರ ಎಡಗಾಲಿಗೆ ಯಂತ್ರ ಕಟ್ಟುತ್ತಿದ್ದೆ.

ಸೊಂಟಕ್ಕೊಂದು ಪಟ್ಟಿ, ತೊಡೆಗೊಂದು, ಮೀನಖಂಡಕ್ಕೊಂದು. ಮಂಡಿಯ ಪಕ್ಕದಲ್ಲಿ ಮೋಟಾರು, ಬುಡದಲ್ಲಿ ಬೂಟಿನಂಥ ಪಾದ.

"ಬಿಗಿಯಾಗಿ ಎಳಿಯೇ, ಹೊಸ ಹೋರಿಗೆ ಕಣ್ಣಿ ಹಾಕ್ದಂಗೆ" ಎನ್ನುತ್ತಿದ್ದರು.

"ಹೋರಿಯಾಗಿದ್ರೆ ಒದೀತಿತ್ತು. ನೀವು ಬರೀ ಗೊಣಗ್ತೀರ."

ಉಳುಮೆಯ ಹೊತ್ತಿನಲ್ಲಿ ಲಕ್ವ ಹೊಡೆದು ಅವರು ಹೊಲದಲ್ಲೇ ಬಿದ್ದಿದ್ದರು. ಪಟ್ಟಣದ ಆಸ್ಪತ್ರೆಯವರು ಜೀವ ಉಳಿಸಿದರು, ಆಮೇಲೆ ಈ ಯಂತ್ರವನ್ನು ಸುಗ್ಗಿ ಮುಗಿಯುವವರೆಗೆ ಅಂತ ಕೊಟ್ಟರು. ನಡಿಗೆ ಕಲಿಸಲು ವಾರಕ್ಕೊಮ್ಮೆ ನಸೀಮಾ ಎಂಬ ಹುಡುಗಿ ಬರುತ್ತಿದ್ದಳು. "ನೀವು ಮುಂದಕ್ಕೆ ವಾಲಿದ್ರೆ ಸಾಕು, ಅದಕ್ಕೆ ಗೊತ್ತಾಗುತ್ತೆ. ತಾನೇ ಕಾಲೆತ್ತಿ ಇಡುತ್ತೆ" ಎಂದು ಹೇಳಿಕೊಟ್ಟವಳು ಅವಳೇ. ಯಜಮಾನರು ಅವಳನ್ನು ಕೇಳುತ್ತಿದ್ದುದು ಒಂದೇ ಮಾತು: "ರಾಶಿ ಅಳೆಯೋ ದಿನಕ್ಕೆ ಕಣಕ್ಕೆ ಹೋಗ್ತೀನಾ ತಾಯಿ?"

ನಮ್ಮ ಮನೆಯಲ್ಲಿ ರಾಶಿಯ ಮೊದಲ ಕೊಳಗವನ್ನು ಅಳೆದವನೇ ಹಿರಿಯ. ಅಳೆಯುವಾಗ 'ಒಂದು' ಎನ್ನುವಂತಿಲ್ಲ, 'ಲಾಭ' ಎನ್ನಬೇಕು. ಆ ಮಾತು ಆಡಿದವನ ಮಾತೇ ಮುಂದಿನ ಸುಗ್ಗಿಯವರೆಗೆ ನಡೆಯುತ್ತದೆ. ನಮ್ಮ ಮಾವ ತೀರಿಕೊಂಡಂದಿನಿಂದ ಅದನ್ನು ಆಡುತ್ತಿದ್ದವರು ಯಜಮಾನರು. ಆ ವರ್ಷ ನನ್ನ ಮೈದುನ ಸಿದ್ದೀರನಿಗೆ ಕೆರೆಯ ಕೆಳಗಿನ ಹೊಲವನ್ನು ಇಟ್ಟಿಗೆ ಗೂಡಿನವರಿಗೆ ಕೊಡಬೇಕೆಂಬ ಹಟ. ಅಣ್ಣ ಬೇಡವೆಂದಿದ್ದರು. ಅವರು ಕಣಕ್ಕೆ ನಡೆದುಬಂದು 'ಲಾಭ' ಎಂದರೆ ಹೊಲ ಉಳಿಯುತ್ತಿತ್ತು.

ಸಿದ್ದೀರ ಕಟ್ಟುಕಟ್ಟಳೆಯ ಮನುಷ್ಯನೇನಲ್ಲ. ಹಿಂದಿನ ವರ್ಷ ಅರ್ಧ ತೆನೆಯನ್ನು ಟಾರು ರಸ್ತೆಯಲ್ಲಿ ಹಾಸಿ ಬಸ್ಸು ಲಾರಿಗಳಿಂದ ತುಳಿಸಿದ್ದ. ಅಣ್ಣ ಬೈದಾಗ, "ಚಕ್ರಕ್ಕೇನಣ್ಣ ಮಡಿ ಮೈಲಿಗೆ, ಕಾಳು ಉದುರಿದ್ರೆ ಸಾಕು" ಎಂದು ನಕ್ಕಿದ್ದ.

ರಾಶಿಯ ದಿನ ಬಂತು. ತೂರಿದ ರಾಗಿಯನ್ನು ನಡುಕಣದಲ್ಲಿ ಗೋಪುರ ಮಾಡಿ, ಸುತ್ತ ಬೂದಿಯ ಗೆರೆ ಎಳೆದಿದ್ದರು. ನಸೀಮಾಳಿಗೆ ಅಂದು ಬೇರೆ ಊರಿನಲ್ಲಿ ಕೆಲಸವಿತ್ತು. ಯಜಮಾನರು ಒಂದು ಕೈ ಕೋಲಿನ ಮೇಲೆ, ಒಂದು ಕೈ ನನ್ನ ಹೆಗಲ ಮೇಲೆ ಇಟ್ಟು ಜಗಲಿ ಇಳಿದರು. ರೋಣುಗಲ್ಲು ಮೂಲೆಯಲ್ಲಿ ಸುಮ್ಮನೆ ಬಿದ್ದಿತ್ತು. ಅಂಗಳದಲ್ಲೆಲ್ಲ ಈಗ ಯಂತ್ರದ ಗುಂಯ್‌ಗುಡುವಿಕೆ ಒಂದೇ. ಕಣದ ಬಳಿ ಕೂತವರು ಎದ್ದು ನಿಂತರು. ಪಕ್ಕದ ಮನೆಯ ಮುದುಕಿ ಕೆಂಚವ್ವ, "ಲೋ ಬೆಟ್ಟಯ್ಯ, ಮದ್ವೆ ದಿನಾನೂ ನೀನು ಇಷ್ಟು ನೆಟ್ಟಗೆ ನಡೀಲಿಲ್ಲ ಕಣೋ" ಎಂದಳು. ಅವರು ನಕ್ಕರು. ಬಿದ್ದ ಮೇಲೆ ಅವರು ಬಾಯ್ತುಂಬ ನಕ್ಕಿದ್ದನ್ನು ನಾನು ಕಂಡದ್ದು ಅಂದೇ.

ಕಣದಂಚಿಗೆ ಬಂದಾಗ ಕೊಳಗ ಹಿಡಿದು ನಿಂತಿದ್ದ ಸಿದ್ದೀರ ಕೈ ಅಡ್ಡ ಚಾಚಿದ.

"ಅಲ್ಲೇ ನಿಲ್ಲಣ್ಣ. ಕಾಲಲ್ಲಿ ಬೂಟೈತೆ."

"ಅದು ಬೂಟಲ್ಲ, ಯಂತ್ರದ ಪಾದ" ಎಂದೆ ನಾನು.

"ಯಂತ್ರದ್ದೋ ಯಮಂದೋ, ಮೆಟ್ಟು ಮೆಟ್ಟೇ ಅತ್ಗೆ. ಮೆಟ್ಟು ಹಾಕ್ಕೊಂಡು ಕಣ ತುಳಿದೋರ್ನ ಇದೇ ಅಣ್ಣ ಬಾರುಕೋಲಲ್ಲಿ ಅಟ್ಟಿಲ್ವಾ? ಕೇಳಿ ಬೇಕಾದ್ರೆ."

"ರೋಡಲ್ಲಿ ರಾಗಿ ಮೇಲೆ ಲಾರಿ ಹತ್ತಿಸ್ದಾಗ ಎಲ್ಲೋಗಿತ್ತಪ್ಪ ಈ ಮಡಿ?" ಎಂದು ಕೇಳಿದೆ.

ಹಿರಿಯರು ನೆಲ ನೋಡಿದರು. ಕಣದ ನಿಯಮವನ್ನು ಮುರಿಯಿರಿ ಎನ್ನುವ ಬಾಯಿ ಅಲ್ಲಿ ಇರಲಿಲ್ಲ. ಯಜಮಾನರೇ ಹೇಳಿದರು: "ಅವನು ಹೇಳೋದು ನ್ಯಾಯ. ಬಿಚ್ಚು. ಕೋಲೂರಿಕೊಂಡೇ ಹೋಗ್ತೀನಿ."

ನಾನು ಮಂಡಿಯೂರಿ ಕೂತೆ. ಸೊಂಟದ ಪಟ್ಟಿ ಬಿಚ್ಚಿದೆ. ತೊಡೆಯ ಪಟ್ಟಿಗೆ ಕೈ ಹಾಕಿದ್ದೆ. "ಹೊತ್ತು ಮೀರ್ತದೆ" ಎಂದ ಸಿದ್ದೀರ, ಯಾರನ್ನೂ ನೋಡದೆ. ಮರುಗಳಿಗೆಯಲ್ಲಿ ರಾಗಿ ಸರ್ರನೆ ಸುರಿದ ಸದ್ದು ಕೇಳಿಸಿತು. ಜೊತೆಗೇ ಅವನ ದನಿ:

"ಲಾಭ!"

ಯಜಮಾನರ ಮೈ ರಾಶಿಯ ಕಡೆಗೆ ವಾಲಿತು. ಅರ್ಧ ಬಿಚ್ಚಿದ ಯಂತ್ರಕ್ಕೆ ಅದು ಗೊತ್ತಾಯಿತು. ಗುಂಯ್ ಎಂದು ಕಾಲನ್ನು ಎತ್ತಿತು. ಬಿದ್ದುಬಿಟ್ಟಾರೆಂದು ನಾನು ಆ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಅದು ನನ್ನ ಅಂಗೈ ಮೇಲೇ ಒಂದು ಹೆಜ್ಜೆ ಇಟ್ಟು ಸುಮ್ಮನಾಯಿತು.

ಸಂಜೆ ಸಿದ್ದೀರ ಒಂದು ಮೊರ ರಾಗಿ ತಂದು ಜಗಲಿಯ ಮೇಲಿಟ್ಟು, "ಅಣ್ಣನಿಗೆ" ಎಂದು ಹೊರಟುಹೋದ. ಅದುವರೆಗೆ ಹಾಗೆ ಮೊರ ತುಂಬಿ ಎಲ್ಲರಿಗೂ ಕೊಡುತ್ತಿದ್ದವರು ಇವರು.

"ಒಂದು ಮಾತಾದ್ರೂ ಆಡಬಾರದಿತ್ತಾ?" ಎಂದು ನಾನು ಸಿಡುಕಿದೆ.

"ಬಿದ್ದ ದಿನ ಹೊಲದಿಂದ ರಸ್ತೆವರ್ಗೂ ನನ್ನನ್ನ ತನ್ನ ಬೆನ್ನ ಮೇಲೆ ಹೊತ್ತೋನು ಅವನೇ ಕಣೆ. ದಾರಿ ಉದ್ದಕ್ಕೂ ಅಳ್ತಾ ಬಂದ. ನನಗೆ ಬಾಯಿ ಬರ್ತಿರಲಿಲ್ಲ, ಕಿವಿ ಕೇಳ್ತಿತ್ತು." ಮೊರವನ್ನು ಕೋಲಿನಿಂದ ಆಚೆ ಸರಿಸಿದರು. "ಆ ಋಣ ಇವತ್ತು ತೀರ್ತು. ಇನ್ನು ಅವನಿಗೆ ಅಣ್ಣ ಇಲ್ಲ."

ಮರುದಿನ ಬೆಳಿಗ್ಗೆ ನಾನು ಯಂತ್ರ ತಂದರೆ ಅವರು ಕಾಲು ಚಾಚಲಿಲ್ಲ. ಅದರ ಮರುದಿನವೂ ಇಲ್ಲ. ಯುಗಾದಿಗೆ ಮೊದಲೇ ಕೆರೆಯ ಕೆಳಗಿನ ಹೊಲದ ಮಣ್ಣು ಟ್ರಾಕ್ಟರು ಹತ್ತಿತ್ತು.

ರಾಶಿಯಾದ ಮುಂದಿನ ವಾರವೇ, ಸುಗ್ಗಿ ಮುಗಿಯಿತೆಂದು, ನಸೀಮಾ ಯಂತ್ರವನ್ನು ವಾಪಸು ಒಯ್ಯಲು ಬಂದಿದ್ದಳು. ಯಜಮಾನರು ಒಳಗೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಪಟ್ಟಿ ಒರೆಸುತ್ತಿದ್ದವಳು ಹೊಲಿಗೆಯ ಸಂದಿಯಿಂದ ಏನನ್ನೋ ಉಗುರಲ್ಲಿ ಬಿಡಿಸಿ, ಬೆಳಕಿಗೆ ಹಿಡಿದು ನೋಡಿದಳು. ಅವಳ ಮುಖ ಅರಳಿತು.

"ಇದು ರಾಗಿ ಹೊಟ್ಟಲ್ವಾ ಅಮ್ಮಾ? ಹಾಗಾದ್ರೆ ಕಣಕ್ಕೆ ಹೋದ್ರು!"

ಕಣದ ಗಾಳಿಗೆ ಹೊಟ್ಟು ಊರೆಲ್ಲ ಹಾರುತ್ತದೆಂದು ಪಟ್ಟಣದ ಆ ಹುಡುಗಿಗೆ ಹೇಗೆ ಗೊತ್ತಿರಬೇಕು.

"ಹೂಂ, ಹೋದ್ರು" ಎಂದೆ. ಅವಳು ಆ ಹೊಟ್ಟನ್ನು ಅಂಗೈಯಲ್ಲಿಟ್ಟು ಉಫ್ ಎಂದು ಊದಿದಳು.