ಮುತ್ತವ್ವ ಹರಿದ ಸೆರಗು

ಹರ್ತಿಯ ಶಾರದವ್ವ ಕಳ್ಳಿಯೇನಲ್ಲ. ಆದರೂ ಗದಗ ಜಿಲ್ಲೆಯಾದ ಮರುವರ್ಷದ ಬೇಸಿಗೆಯಲ್ಲಿ, ಅತ್ತೆ ಮುತ್ತವ್ವ ಉಂಡು ಅಡ್ಡಾದ ಹೊತ್ತು ನೋಡಿ, ಆಕೆಯ ಟ್ರಂಕಿನಿಂದ ಕಸೂತಿ ಹಾಕಿದ ಹಳೇ ಇಳಕಲ್ ಸೀರೆ ಎತ್ತಿದಳು. ಹೊಟ್ಟೆ ತುಂಬ ಸಿಟ್ಟಿದ್ದವರಿಗೆ ಅಳುಕು ಎಲ್ಲಿಯದು?

ಸಿಟ್ಟಿಗೆ ಕಾರಣವಿತ್ತು. ಮುಂಡರಗಿಗೆ ಕೊಟ್ಟ ಮಗಳು ಕಾಂಚನಾ ಎರಡು ಸಲ ಹಡೆದಿದ್ದಳು, ಎರಡು ಸಲವೂ ತೊಟ್ಟಿಲು ಬರಿದಾಗಿತ್ತು. ಈಗ ಮತ್ತೆ ದಿನ ತುಂಬುತ್ತ ಬಂದಿದ್ದವು. ಮುಂದಿನ ವಾರ ತವರಿಗೆ ಬರುವವಳಿದ್ದಳು. ತುಂಬ ವರ್ಷ ಬಾಳಿದ ಹಿರಿಯಳ ಸೀರೆಯಿಂದ ತೊಟ್ಟಿಲ ಕೌದಿ ಹೊಲಿದರೆ ಆ ಆಯುಷ್ಯ ಕೂಸಿಗೆ ಹತ್ತುತ್ತದೆ ಎಂದು ಆ ಮನೆಯ ಹೆಂಗಸರ ನಂಬಿಕೆ. ಅದಕ್ಕೊಂದು ಕಟ್ಟಳೆ: ಸೀರೆಯನ್ನು ಆ ಹಿರಿಯಳೇ ಮೊದಲು ಕೈಯಾರೆ ಹರಿದು ಕೊಡಬೇಕು, ಹರಿಯುವಾಗ ಕತ್ತರಿ, ಬ್ಲೇಡು ಯಾವ ಕಬ್ಬಿಣವೂ ಸೋಕಬಾರದು.

ಶಾರದವ್ವ ಬಾಯಿಬಿಟ್ಟು ಕೇಳಿದ್ದಳು. "ಬ್ಯಾರೆ ಯಾವುದರ ತಗೋ, ಅದನ್ನ ಮುಟ್ಟಬ್ಯಾಡ" ಎಂದಿದ್ದಳು ಮುದುಕಿ. ಬೇರೆಯವೆಲ್ಲ ನಿನ್ನೆ ಮೊನ್ನೆ ಸಂತೆಯಲ್ಲಿ ತಂದವು, ಅವುಗಳಲ್ಲಿ ಎಲ್ಲಿಯ ಆಯುಷ್ಯ? ಊರು ಹೋಗು ಅಂತದ, ಕಾಡು ಬಾ ಅಂತದ, ಆದರೂ ಮುದುಕಿಗೆ ಟ್ರಂಕಿನ ಆಸೆ ಬಿಟ್ಟಿಲ್ಲ ಎಂದು ಶಾರದವ್ವ ಹಲ್ಲು ಕಡಿದಳು. ಅತ್ತೆಯ ಬದಲು ತಾನೇ ಸೀರೆ ಹರಿದಳು. ಕಸೂತಿಯ ತುಂಡನ್ನು ನಡುವಿನ ಪದರಿನಲ್ಲಿಟ್ಟು, ಮೇಲೆ ಕೆಳಗೆ ಹಳೇ ಧೋತರ ಹಾಕಿ ಹೊಲಿದು ಮುಗಿಸಿದಳು.

ಮುತ್ತವ್ವನ ಕಣ್ಣು ಹೋಗಿ ಬಹಳ ಕಾಲವಾಗಿತ್ತು. ಆದರೂ ಮನೆಯಲ್ಲಿ ಕೌದಿ ಮುಗಿದರೆ ತೊಡೆಯ ಮೇಲೆ ಹಾಕಿಸಿಕೊಂಡು ಸವರುವುದು ಆಕೆಯ ಹಕ್ಕು. ಪಡಸಾಲೆಯಲ್ಲಿ ಕೂತು ಸವರುತ್ತಿದ್ದ ಬೆರಳು ಒಂದು ಕಡೆ ನಿಂತವು.

"ಒಳಗ ಗೋಪುರ ಅದಾವಲ್ಲ, ಶಾರದಾ."

ಆ ಕಸೂತಿಯ ಗೋಪುರಗಳನ್ನು ಕಣ್ಣಿದ್ದಾಗ ಎಳೆ ಎಣಿಸಿ ಹಾಕಿದವಳು ಮುತ್ತವ್ವನೇ.

"ಹೂಂ, ನಿಮ್ಮ ಸೀರೀನ. ಮೊಮ್ಮಗಳ ಕೂಸಿಗಿಂತ ಸೀರಿ ಹೆಚ್ಚಾತೇನ್ರಿ ನಿಮಗ?"

ಮುತ್ತವ್ವ ಕೂಗಾಡಲಿಲ್ಲ. "ನಿನ್ನ ಗಂಡಗಿಂತ ಮೊದಲ ನನಗ ಎರಡು ಕೂಸು ಆಗಿದ್ವು. ಎರಡನ್ನೂ ಇದರಾಗ ಸುತ್ತಿ ಒಯ್ದು ಮಣ್ಣಿಗಿಟ್ಟು, ಸೀರಿ ತಿರುಗಿ ತಂದ್ರು. ಉಡಾಕ ಮನಸಾಗಲಿಲ್ಲ, ಬಿಸಾಡಾಕೂ ಆಗಲಿಲ್ಲ."

ಶಾರದವ್ವ ಕೌದಿಯನ್ನು ಆಕೆಯ ತೊಡೆಯಿಂದ ಎಳೆದುಕೊಂಡಳು. "ಮೊದಲ ಯಾಕ ಹೇಳಲಿಲ್ರಿ?"

"ಬಸರಿ ಬರೋ ಮನ್ಯಾಗ ಸತ್ತ ಕೂಸಿನ ಮಾತು ಆಡ್ತಾರೇನು?"

ಆಡುವುದಿಲ್ಲ. ಅದೂ ಆ ಮನೆಯ ಕಟ್ಟಳೆಯೇ. ಶಾರದವ್ವ ಬ್ಲೇಡು ತಂದು ಕೂತು ಹೊಲಿಗೆ ಬಿಚ್ಚತೊಡಗಿದಳು. ಎರಡು ಸಲ ಮಗಳ ಮಡಿಲು ಬರಿದಾದದ್ದನ್ನು ಕಂಡ ಹೆದರಿಕೆಯೆಲ್ಲ ಈಗ ಒಮ್ಮೆಲೇ ಮೈಮೇಲೆ ಬಂದಿತ್ತು.

ಮುತ್ತವ್ವ ತಾನು ಉಟ್ಟಿದ್ದ ಸೀರೆಯ ಸೆರಗನ್ನು ಮುಂದೆ ಎಳೆದುಕೊಂಡಳು. "ಇದನ್ನ ಹಾಕು. ಸಂತಿ ಸೀರಿ ಆದರೇನು, ನನ್ನ ಮೈಮ್ಯಾಲಿಂದು. ನಾನ ಹರದು ಕೊಡ್ತೀನಿ."

ಎರಡು ಮುಷ್ಟಿಯಲ್ಲಿ ಅಂಚು ಹಿಡಿದು ಎಳೆದಳು. ಬಟ್ಟೆ ಜಗ್ಗಲಿಲ್ಲ. ಮತ್ತೆ ಎಳೆದಳು. ಹಣೆಯ ಮೇಲೆ ಬೆವರು ಮೂಡಿತು. ಶಾರದವ್ವ ಕೈ ಹಚ್ಚಲು ಹೋದರೆ ಗದರಿದಳು.

"ಕೈ ತಗಿ. ನಾನ ಹರೀಬೇಕು."

ಶಾರದವ್ವ ಆ ಒಣಗಿದ ಮುಷ್ಟಿಗಳನ್ನು ನೋಡಿದಳು. ಇವು ಹರಿಯಲಾರವು. ಹರಿಯದಿದ್ದರೆ ಮುದುಕಿ ಇಲ್ಲೇ ಎದೆಯೊಡೆದುಕೊಳ್ಳುತ್ತಾಳೆ. ಉಸಿರು ಬಿಗಿಹಿಡಿದು, ಎರಡು ಮುಷ್ಟಿಗಳ ನಡುವಿನ ಅಂಚಿಗೆ ಬ್ಲೇಡು ತಾಗಿಸಿದಳು.

ಸೆರಗು ಪರ್ರನೆ ಹರಿಯಿತು.

"ಕೇಳಿದೇನು? ಇನ್ನೂ ಐತಿ ಕಸುವು!" ಮುತ್ತವ್ವ ಬೊಚ್ಚು ಬಾಯಿ ಅಗಲಿಸಿ ನಕ್ಕಳು. "ಕೂಸಿಗೆ ಹತ್ತತೈತಲ್ಲ, ಶಾರದಾ?"

"ಹತ್ತತೈತ್ರಿ ಅತ್ತಿ."

ಹೇಳುತ್ತಲೇ ಶಾರದವ್ವ ಬ್ಲೇಡನ್ನು ತನ್ನ ಸೆರಗಿನೊಳಗೆ ಮುಚ್ಚಿಕೊಂಡಳು, ಕಣ್ಣಿಲ್ಲದ ಮುದುಕಿಯ ಮುಂದೆ.